ತೋಪಿನ ಸದ್ದು, ಸೈನಿಕನ ಕಾಗದ: ಹೆವಿ ಮೆಟಲ್‌ನಲ್ಲಿ ಯುದ್ಧದ ಇತಿಹಾಸ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್, ಕಾರ್ಖಾನೆ ಕಾರ್ಮಿಕರ ಬಡಾವಣೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಈ ನಗರದ ಮೇಲೆ ಬಾಂಬು ಸುರಿದಿದ್ದವು. ಯುದ್ಧ ಮುಗಿದ ಮೂರ್ನಾಲ್ಕು ವರ್ಷಗಳಲ್ಲಿ ಹುಟ್ಟಿ, ಅದರ ಅವಶೇಷಗಳ ನಡುವೆ ಬೆಳೆದ ನಾಲ್ವರು ಹುಡುಗರು ಕಟ್ಟಿದ ತಂಡ ಬ್ಲ್ಯಾಕ್ ಸಬ್ಬತ್. 1970ರ ಸೆಪ್ಟೆಂಬರಿನಲ್ಲಿ ಬಂದ ಅವರ ಎರಡನೇ ಆಲ್ಬಮ್ 'ಪ್ಯಾರನಾಯ್ಡ್' ತೆರೆದುಕೊಳ್ಳುವುದು ವಾಯುದಾಳಿಯ ಸೈರನ್ ಕೂಗುವ 'ವಾರ್ ಪಿಗ್ಸ್' ಹಾಡಿನಿಂದ. ಆಗ ವಿಯೆಟ್ನಾಂ ಹೊತ್ತಿ ಉರಿಯುತ್ತಿತ್ತು. ಬಡವರ ಮಕ್ಕಳನ್ನು ಸಾಯಲು ಕಳಿಸಿ ತಾವು ಮನೆಯಲ್ಲಿ ಕೂರುವ ಸೇನಾಪತಿಗಳ, ರಾಜಕಾರಣಿಗಳ ಮೇಲಿನ ಕಡುಕೋಪ ಅದರಲ್ಲಿದೆ. ಆದರೆ ಯಾವ ಯುದ್ಧ, ಯಾವ ಊರು, ಯಾವ ವರ್ಷ ಎಂಬ ಸುಳಿವಿಲ್ಲ. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಯುದ್ಧದ ಬಗ್ಗೆ ಮಾತಾಡಲು ಶುರು ಮಾಡಿದ್ದು ಹೀಗೆ, ಇತಿಹಾಸವಿಲ್ಲದ ಸಿಟ್ಟಿನಿಂದ.

ಇತಿಹಾಸ ಬಂದದ್ದು ಐರನ್ ಮೇಡನ್ ತಂಡದಿಂದ. 1983ರ 'ಪೀಸ್ ಆಫ್ ಮೈಂಡ್' ಆಲ್ಬಮ್ಮಿನ 'ದ ಟ್ರೂಪರ್' ಹಾಡಿನ ವಸ್ತು ಕ್ರಿಮಿಯಾ ಯುದ್ಧದ ಒಂದು ದುರಂತ. 1854ರ ಅಕ್ಟೋಬರ್ 25ರಂದು, ಬಾಲಕ್ಲಾವಾದಲ್ಲಿ, ಅಪಾರ್ಥವಾದ ಒಂದು ಆಜ್ಞೆಯಿಂದಾಗಿ ಸುಮಾರು 670 ಬ್ರಿಟಿಷ್ ಸವಾರರು ರಷ್ಯನ್ ತೋಪುಗಳಿಗೆ ಎದುರಾಗಿ ಕುದುರೆ ಓಡಿಸಿದರು. ಕವಿ ಟೆನಿಸನ್ ಅದೇ ವರ್ಷ ಅದನ್ನು ಪದ್ಯವಾಗಿಸಿ ಶೌರ್ಯದ ದಂತಕಥೆಯನ್ನಾಗಿ ಮಾಡಿದ. ಮೇಡನ್ ತಂಡ ಸವಾರನನ್ನೇ ಮಾತಾಡಲು ಬಿಟ್ಟಿತು; ಹಾಡಿನ ಕೊನೆಗೆ ಅವನು ಬಿದ್ದು ಸಾಯುತ್ತಾನೆ. ಈ ಹಾಡಿನ ನಿಜವಾದ ಪ್ರತಿಭೆ ಇರುವುದು ಲಯದಲ್ಲಿ. ಸ್ಟೀವ್ ಹ್ಯಾರಿಸ್ ತನ್ನ ಬೇಸ್ ಗಿಟಾರಿನಲ್ಲಿ ಬೆರಳುಗಳಿಂದ ನುಡಿಸುವ ಆ ಪ್ರಸಿದ್ಧ ನಡೆ ಒಂದು ದೀರ್ಘ, ಎರಡು ಹ್ರಸ್ವ. ನಮ್ಮ ಛಂದಸ್ಸಿನ ಲೆಕ್ಕದಲ್ಲಿ ಗುರು ಲಘು ಲಘು, ಅಂದರೆ ಭಗಣ. ಅದೇ ಗಣ ಬಿಡುವಿಲ್ಲದೆ ಮರುಕಳಿಸುತ್ತಾ ಹೋದಾಗ ಕಿವಿಗೆ ಕೇಳುವುದು ಕುದುರೆಯ ನಾಗಾಲೋಟ. ಇತಿಹಾಸ ಪದಗಳಲ್ಲಿ ಮಾತ್ರವಲ್ಲ, ವಾದ್ಯದ ನಡೆಯಲ್ಲೇ ಕೂರಬಹುದು ಎಂಬುದನ್ನು ಈ ಹಾಡು ತೋರಿಸಿತು. ಮುಂದಿನ ವರ್ಷದ 'ಏಸಸ್ ಹೈ' 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ನಡೆದ ವಿಮಾನ ಕಾಳಗದ್ದು. ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ, 2003ರಲ್ಲಿ, ಬೆಲ್ಜಿಯಂನ ಕೆಸರಿನಲ್ಲಿ 1917ರಲ್ಲಿ ಸತ್ತವರನ್ನು ಕುರಿತ 'ಪಾಷೆಂಡೇಲ್' ಬಂತು. ಈ ತಂಡದ ಯುದ್ಧದ ಹಾಡುಗಳಲ್ಲಿ ನನ್ನ ಮಟ್ಟಿಗೆ ಅದೇ ಶ್ರೇಷ್ಠ.

ಅಮೆರಿಕದಲ್ಲಿ ಬೇರೆಯೇ ದಾರಿ ತೆರೆಯಿತು. ಮೆಟಾಲಿಕಾ ತಂಡದ 'ಒನ್' (1988) ಯಾವ ಕದನವನ್ನೂ ವರ್ಣಿಸುವುದಿಲ್ಲ. ಡಾಲ್ಟನ್ ಟ್ರಂಬೊ 1939ರಲ್ಲಿ ಪ್ರಕಟಿಸಿದ ಕಾದಂಬರಿ ಅದರ ಮೂಲ. ಮೊದಲ ಮಹಾಯುದ್ಧದಲ್ಲಿ ಕೈ, ಕಾಲು, ಕಣ್ಣು, ಕಿವಿ, ಬಾಯಿ ಎಲ್ಲವನ್ನೂ ಕಳೆದುಕೊಂಡ ಸೈನಿಕ, ಆಸ್ಪತ್ರೆಯ ಹಾಸಿಗೆಯಲ್ಲಿ ತಲೆಯನ್ನು ದಿಂಬಿಗೆ ಬಡಿದು ಮೋರ್ಸ್ ಸಂಕೇತದಲ್ಲಿ ಮಾತಾಡಲು ಹೆಣಗುವ ಕಥೆ ಅದು. ಹಾಡು ಮೆಲ್ಲಗೆ ಶುರುವಾಗಿ ನಡುವೆ ಒಮ್ಮೆಲೇ ಸ್ಫೋಟಿಸುತ್ತದೆ. ಲಾರ್ಸ್ ಉಲ್ರಿಕ್‌ನ ಜೋಡಿ ಡ್ರಮ್ಮು ಮಶೀನ್‌ಗನ್ನಿನಂತೆ ಸಿಡಿಯುತ್ತದೆ. ಟ್ರಂಬೊ ತಾನೇ ಆ ಕಾದಂಬರಿಯನ್ನು 1971ರಲ್ಲಿ ಸಿನಿಮಾ ಮಾಡಿದ್ದ. ಅದರ ದೃಶ್ಯಗಳನ್ನು ತಮ್ಮ ವಿಡಿಯೋದಲ್ಲಿ ಬಳಸಲು ತಂಡ ಆ ಸಿನಿಮಾದ ಹಕ್ಕನ್ನೇ ಕೊಂಡಿತು. ಇದೇ ದಶಕದಲ್ಲಿ ಸ್ಲೇಯರ್ ತಂಡ ಆಶ್ವಿಟ್ಜ್ ವೈದ್ಯ ಮೆಂಗೆಲೆಯ ಕ್ರೌರ್ಯವನ್ನು ಹಾಡಿದಾಗ (1986) ಕೊಲಂಬಿಯಾ ಕಂಪನಿ ಆಲ್ಬಮ್ ಹಂಚಲು ನಿರಾಕರಿಸಿತು. ಘೋರವನ್ನು ಖಂಡಿಸದೆ ಬರಿದೇ ವರ್ಣಿಸಿದರೆ ಅದು ವೈಭವೀಕರಣವೇ? ಅಂದು ಎದ್ದ ಈ ಪ್ರಶ್ನೆ ಈ ಪ್ರಕಾರವನ್ನು ಇಂದಿಗೂ ಬಿಟ್ಟಿಲ್ಲ.

ಮೋಟರ್‌ಹೆಡ್ ತಂಡದ 1991ರ '1916' ಹಾಡನ್ನು ಇಲ್ಲಿ ಬಿಡುವಂತಿಲ್ಲ. ಅಬ್ಬರಕ್ಕೇ ಹೆಸರಾದ ಗಾಯಕ ಲೆಮ್ಮಿ, ಆ ಒಂದು ಹಾಡಿನಲ್ಲಿ ಗಿಟಾರುಗಳ ಗದ್ದಲವನ್ನು ಪೂರ್ತಿ ಬದಿಗಿಟ್ಟು, ವಯಸ್ಸು ಸುಳ್ಳು ಹೇಳಿ ಸೈನ್ಯಕ್ಕೆ ಸೇರಿ ಸತ್ತ ಹುಡುಗನ ದನಿಯಲ್ಲಿ ಹಾಡುತ್ತಾನೆ. 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನವೇ, ಬ್ರಿಟಿಷ್ ಸೈನ್ಯದ 19,240 ಮಂದಿ ಸತ್ತಿದ್ದರು. ಆ ಸಂಖ್ಯೆ ತಿಳಿದು ಕೇಳಿದರೆ ಆ ಒಡಕು ದನಿಯನ್ನು ಮರೆಯುವುದು ಕಷ್ಟ.

1990ರ ದಶಕದ ಡೆತ್ ಮೆಟಲ್‌ನಲ್ಲಿ ಯುದ್ಧವನ್ನೇ ಕಾಯಕ ಮಾಡಿಕೊಂಡ ತಂಡ ಬೋಲ್ಟ್ ಥ್ರೋವರ್. ಅವರ ಊರು ಕವೆಂಟ್ರಿ. 1940ರ ನವೆಂಬರಿನ ಒಂದೇ ರಾತ್ರಿಯ ಬಾಂಬ್ ದಾಳಿಯಲ್ಲಿ ಕ್ಯಾಥೆಡ್ರಲ್ ಸಮೇತ ಸುಟ್ಟುಹೋದ ನಗರ. ಆಟಿಕೆ ಸೈನ್ಯದ ಕಾಲ್ಪನಿಕ ಜಗತ್ತಿನಿಂದ ಹೆಸರು ಪಡೆದ ಈ ತಂಡ ಬರಬರುತ್ತಾ ನಿಜವಾದ ಸೈನಿಕರ ಕಡೆಗೆ ಹೊರಳಿತು. ಅಮೆರಿಕದ ಐಸ್ಡ್ ಅರ್ಥ್ 2004ರಲ್ಲಿ ತನ್ನ ದೇಶದ ಅಂತರ್ಯುದ್ಧದ ಗೆಟಿಸ್‌ಬರ್ಗ್‌ನ ಮೂರು ದಿನಗಳ ಕದನವನ್ನು ಅರ್ಧ ಗಂಟೆಗೂ ಮೀರಿದ, ವಾದ್ಯವೃಂದ ಸಮೇತದ ತ್ರಿವಳಿ ಹಾಡಾಗಿ ಹೆಣೆಯಿತು. ಡಚ್ ತಂಡ ಹೇಲ್ ಆಫ್ ಬುಲೆಟ್ಸ್ 2008ರಲ್ಲಿ ರಷ್ಯಾ ರಣರಂಗಕ್ಕೇ ಇಡೀ ಆಲ್ಬಮ್ ಕೊಟ್ಟಿತು. ಸ್ವೀಡನ್ನಿನ ಮಾರ್ಡುಕ್ ತಂಡದ 1999ರ ಪ್ಯಾಂಜರ್ ಆಲ್ಬಮ್ಮನ್ನು ನಾನು ಈ ಸಾಲಿನಲ್ಲಿ ಗೌರವದಿಂದ ಹೆಸರಿಸಲಾರೆ. ಅದರಲ್ಲಿ ಟ್ಯಾಂಕಿನ ವೇಗವಿದೆ, ಗಾಲಿಯ ಕೆಳಗೆ ಸಿಕ್ಕವರಿಲ್ಲ.

ಇಷ್ಟಾದರೂ ಮಿಲಿಟರಿ ಇತಿಹಾಸವನ್ನೇ ತಮ್ಮ ಇಡೀ ವೃತ್ತಿಯ ವಸ್ತುವಾಗಿಸಿಕೊಂಡು ಅದನ್ನು ಕ್ರೀಡಾಂಗಣಗಳಿಗೆ ಒಯ್ದವರು ಸಬಾಟನ್. 1999ರಲ್ಲಿ ಸ್ವೀಡನ್ನಿನ ಫಾಲುನ್ ಎಂಬ ಗಣಿ ಊರಿನಲ್ಲಿ ಕಟ್ಟಿದ ತಂಡ. 2005ರ 'ಪ್ರಿಮೊ ವಿಕ್ಟೋರಿಯಾ' ಹಾಡಿನಲ್ಲಿ ನಾರ್ಮಂಡಿ ತೀರದ ದಾಳಿಯಿಂದ ಶುರುವಾದ ಅವರ ಪಯಣ, 2008ರಲ್ಲಿ ಪೋಲೆಂಡಿನ ವಿಜ್ನಾ ಕದನವನ್ನು ಕುರಿತ '40:1' ಹಾಡಿಗೆ ಬಂತು. 1939ರ ಸೆಪ್ಟೆಂಬರಿನಲ್ಲಿ ನೂರಾರು ಪೋಲಿಷ್ ಸೈನಿಕರು ಹತ್ತಾರು ಸಾವಿರ ಜರ್ಮನರನ್ನು ತಡೆದರೆಂಬ ಕಥೆ. ಶರಣಾಗುವ ಬದಲು ಗ್ರೆನೇಡಿನಿಂದ ಪ್ರಾಣ ಬಿಟ್ಟ ಕ್ಯಾಪ್ಟನ್ ರಾಗಿನಿಸ್‌ನ ಹೆಸರನ್ನು ದೇಶದೇಶಗಳ ಯುವಕರು ಅರಿತದ್ದು ಈ ಹಾಡಿನಿಂದ. ಆದರೆ ಆ ಒಂದಕ್ಕೆ ನಲವತ್ತರ ಲೆಕ್ಕವನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಹಾಡು ಮರೆತವರನ್ನು ಬದುಕಿಸುತ್ತದೆ. ಜೊತೆಗೆ ಉತ್ಪ್ರೇಕ್ಷೆಯನ್ನೂ ಕಲ್ಲಿನಲ್ಲಿ ಕೆತ್ತಿಡುತ್ತದೆ.

ಅವರ 2012ರ 'ಕ್ಯಾರೊಲಸ್ ರೆಕ್ಸ್' ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇದು ಸ್ವೀಡನ್ ಒಂದು ಸಾಮ್ರಾಜ್ಯವಾಗಿ ಏರಿ ಬಿದ್ದ ಕಥೆ. 1630ರಲ್ಲಿ ರಾಜ ಗುಸ್ತಾವ್ ಅಡಾಲ್ಫ್ ಮೂವತ್ತು ವರ್ಷಗಳ ಯುದ್ಧಕ್ಕೆ ಇಳಿದದ್ದು, 1632ರ ಲ್ಯೂಟ್ಸೆನ್ ಕದನದಲ್ಲಿ ಸತ್ತದ್ದು, 1709ರಲ್ಲಿ ಹನ್ನೆರಡನೇ ಚಾರ್ಲ್ಸ್ ಪೊಲ್ಟಾವಾದಲ್ಲಿ ರಷ್ಯದ ಪೀಟರನಿಗೆ ಸೋತದ್ದು, 1718ರಲ್ಲಿ ನಾರ್ವೆಯ ಕೋಟೆಯೊಂದರ ಮುಂದೆ ತಲೆಗೆ ಗುಂಡು ತಗುಲಿ ಬಿದ್ದದ್ದು. ಆ ಯುದ್ಧಗಳಿಗೆಲ್ಲ ಹಣ ಒದಗಿಸಿದ್ದರಲ್ಲಿ ಈ ತಂಡದ ಊರಾದ ಫಾಲುನ್ನಿನ ತಾಮ್ರದ ಪಾಲು ದೊಡ್ಡದು. ಹದಿನೇಳನೇ ಶತಮಾನದ ಯುರೋಪಿಗೆ ಬೇಕಾದ ತಾಮ್ರದ ಬಹುಪಾಲು ಆ ಒಂದು ಗಣಿಯಿಂದಲೇ ಬರುತ್ತಿತ್ತು. ತಮ್ಮ ಕಾಲ ಕೆಳಗಿನ ನೆಲದಿಂದ ಹೊರಟ ಯುದ್ಧವನ್ನು ಹಾಡುವವರಿಗೆ ಜವಾಬ್ದಾರಿ ಹೆಚ್ಚು. ಅದಕ್ಕೆ ಅವರು ಸ್ವೀಡಿಷ್ ಇತಿಹಾಸಕಾರ ಬೆಂಗ್ಟ್ ಲಿಲ್ಯೆಗ್ರೆನ್ ಅವರ ನೆರವು ಪಡೆದರು. ಇಂಗ್ಲಿಷಿನಲ್ಲೊಂದು, ಸ್ವೀಡಿಷಿನಲ್ಲೊಂದು, ಹೀಗೆ ಎರಡು ಆವೃತ್ತಿ ಮಾಡಿದರು. ಆಲ್ಬಮ್ ಬಂದ ಕಾಲಕ್ಕೇ ತಂಡದ ನಾಲ್ವರು ಹೊರನಡೆದು, ಗಾಯಕ ಯೋಆಕಿಮ್ ಬ್ರೂಡೆನ್ ಮತ್ತು ಬೇಸ್ ವಾದಕ ಪೇರ್ ಸುಂಡ್‌ಸ್ಟ್ರೋಮ್ ಇಬ್ಬರೇ ಉಳಿದರು.

ಹನ್ನೆರಡನೇ ಚಾರ್ಲ್ಸ್ ಬರೀ ಹಳೆಯ ರಾಜನಲ್ಲ. ಅವನು ಸತ್ತ ನವೆಂಬರ್ 30ರಂದು ಸ್ವೀಡನ್ನಿನ ಜನಾಂಗದ್ವೇಷಿ ಗುಂಪುಗಳು ವರ್ಷಗಟ್ಟಲೆ ಮೆರವಣಿಗೆ ನಡೆಸಿವೆ. ಅಂಥ ರಾಜನ ದೈವದತ್ತ ಅಧಿಕಾರದ ಹಮ್ಮನ್ನು ಅವನದೇ ದನಿಯಲ್ಲಿ, ಸಾವಿರಾರು ಜನ ಜೊತೆಗೂಡಿ ಹಾಡುವ ಪಲ್ಲವಿಯಾಗಿಸುವುದು ಬೆಂಕಿಯ ಜೊತೆಗಿನ ಆಟ. ಆಲ್ಬಮ್ಮನ್ನು ಕಾಪಾಡಿದ್ದು ಅದರ ಕೊನೆ. 'ರುಯಿನಾ ಇಂಪೀರಿ' ಎಂಬ ಆ ಹಾಡನ್ನು ಇಂಗ್ಲಿಷ್ ಆವೃತ್ತಿಯಲ್ಲೂ ಸ್ವೀಡಿಷಿನಲ್ಲೇ ಉಳಿಸಿದ್ದಾರೆ. ರಾಜ ಸತ್ತ ಮೇಲೆ 1719ರ ಹೊಸವರ್ಷದ ಹೊತ್ತಿಗೆ ನಾರ್ವೆಯ ಬೆಟ್ಟಗಳಲ್ಲಿ ಹಿಮಗಾಳಿಗೆ ಸಿಕ್ಕಿ ಸುಮಾರು ಮೂರು ಸಾವಿರ ಸ್ವೀಡಿಷ್ ಸೈನಿಕರು ಸೆಟೆದು ಸತ್ತರು. ಸಾಮ್ರಾಜ್ಯದ ಕೊನೆಯ ಲೆಕ್ಕ ಅದೇ. ಪೂರ್ತಿ ಕೇಳಿದವರಿಗೆ ಇದು ಪತನದ ಕಥೆ. ಒಂದೇ ಹಾಡು ಕೇಳಿ ಎದ್ದವರಿಗೆ ವಿಜಯಗೀತೆ. ಸಬಾಟನ್ನಿನ ಬಲವೂ ಬಲಹೀನತೆಯೂ ಇದೇ ಎಂದು ನನಗನ್ನಿಸುತ್ತದೆ. 2019ರಲ್ಲಿ ಅವರು ಮೊದಲ ಮಹಾಯುದ್ಧದ ಮೇಲೆ 'ದ ಗ್ರೇಟ್ ವಾರ್' ಹೊರತಂದರು. ಅದೇ ವರ್ಷ ಇಂಡಿ ನೈಡೆಲ್ ಎಂಬ ಇತಿಹಾಸ ನಿರೂಪಕನ ಜೊತೆಗೂಡಿ ಹಾಡಿನ ಹಿಂದಿನ ಕಥೆಗಳನ್ನು ಯೂಟ್ಯೂಬಿನಲ್ಲಿ ಹೇಳತೊಡಗಿದರು. ಒಂದು ರಾಕ್ ತಂಡ ಕೇಳುಗರನ್ನು ಪುಸ್ತಕದ ಕಡೆಗೆ ದೂಡಿದ್ದು ದೊಡ್ಡ ಸಂಗತಿ.

ಆದರೆ ಕಳೆದ ಹತ್ತು ವರ್ಷಗಳ ಆಳವಾದ ಕೆಲಸ ನಡೆದಿರುವುದು ಇನ್ನೂ ಚಿಕ್ಕ ವೇದಿಕೆಗಳಲ್ಲಿ. ಜರ್ಮನಿಯ ಕಾನೊನೆನ್‌ಫೀಬರ್ ಮುಖ ಮುಚ್ಚಿಕೊಂಡು, ಹಳೆಯ ಸಮವಸ್ತ್ರ ತೊಟ್ಟು ವೇದಿಕೆಗೆ ಬರುತ್ತದೆ. 2021ರ ಅವರ ಮೊದಲ ಆಲ್ಬಮ್ 'ಮೆನ್ಶೆನ್‌ಮ್ಯೂಲೆ' ಮೊದಲ ಮಹಾಯುದ್ಧದ ಸೈನಿಕರ ಕಾಗದಗಳನ್ನೂ ದಾಖಲೆಗಳನ್ನೂ ಆಧರಿಸಿದ್ದು. ಇಲ್ಲಿ ವೀರನಿಲ್ಲ, ಊರಿಗೆ ಮರಳಲಾಗದ ಹೆಸರಿಲ್ಲದವನಿದ್ದಾನೆ. ಉಕ್ರೇನಿನ ಲ್ವಿವ್ ನಗರದ ತಂಡದ ಹೆಸರೇ '1914'. ಆ ನಗರ ಅಂದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ್ದು. ಆ ಕಾಲದ ಹಳೆಯ ಧ್ವನಿಮುದ್ರಣಗಳನ್ನು ಆಲ್ಬಮ್ಮಿನ ಬಾಗಿಲಲ್ಲಿಟ್ಟು, ಒಳಗೆ ಕಂದಕದ ಕೊಳೆತವನ್ನು ತೋರಿಸುವುದು ಇವರ ರೀತಿ. ಅವರ ಮೂರನೇ ಆಲ್ಬಮ್ 'ವೇರ್ ಫಿಯರ್ ಆ್ಯಂಡ್ ವೆಪನ್ಸ್ ಮೀಟ್' ಬಂದದ್ದು 2021ರ ಅಕ್ಟೋಬರಿನಲ್ಲಿ. ನಾಲ್ಕೇ ತಿಂಗಳಲ್ಲಿ ರಷ್ಯದ ಕ್ಷಿಪಣಿಗಳು ಅವರ ದೇಶದ ಮೇಲೆ ಬಿದ್ದವು. ಶತಮಾನದ ಹಿಂದಿನದೆಂದು ಕೇಳಿದ್ದ ಕಂದಕಗಳು ಅದೇ ನೆಲದಲ್ಲಿ ಮತ್ತೆ ತೋಡಲ್ಪಟ್ಟವು.

ಯುರೋಪಿನ ಹೊರಗೆ ಈ ಸಂಗೀತ ಬೇರೊಂದು ಕೆಲಸಕ್ಕೆ ಒದಗಿತು. ತೈವಾನಿನ ಥಾನಿಕ್ ತಂಡ 2005ರಲ್ಲಿ 'ಸೀಡಿಕ್ ಬಾಲೆ' ಆಲ್ಬಮ್ಮಿನಲ್ಲಿ, 1930ರಲ್ಲಿ ಜಪಾನೀ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಗುಡ್ಡಗಾಡಿನ ಮೂಲನಿವಾಸಿಗಳನ್ನು ಹಾಡಿತು. 2011ರ 'ಟಕಾಸಾಗೊ ಆರ್ಮಿ' ಅದಕ್ಕಿಂತ ತೊಡಕಿನ ಸತ್ಯವನ್ನು ಕೈಗೆತ್ತಿಕೊಂಡಿತು: ಅದೇ ಜನರ ಮಕ್ಕಳು ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೈನಿಕರಾಗಿ ಹೋರಾಡಿದ್ದು. ಎರ್ಹು ಎಂಬ ಎರಡು ತಂತಿಯ ಪಿಟೀಲು ಅಲ್ಲಿ ಗಿಟಾರಿನ ಪಕ್ಕದಲ್ಲಿ ಅಳುತ್ತದೆ. ಗಾಯಕ ಫ್ರೆಡ್ಡಿ ಲಿಮ್ 2016ರಲ್ಲಿ ತೈವಾನಿನ ಸಂಸತ್ತಿಗೆ ಆಯ್ಕೆಯಾದ. ನ್ಯೂಜಿಲೆಂಡಿನ ಏಲಿಯನ್ ವೆಪನ್ರಿ ತಂಡದ ಹುಡುಗರು ಮಾವೊರಿ ನುಡಿಯಲ್ಲೂ ಹಾಡುತ್ತಾರೆ. 1864ರ ಗೇಟ್ ಪಾ ಕದನದಲ್ಲಿ ಸುಮಾರು 1,700 ಬ್ರಿಟಿಷ್ ಸೈನಿಕರನ್ನು ಇನ್ನೂರ ಮೂವತ್ತರಷ್ಟು ಮಾವೊರಿಗಳು ಹಿಮ್ಮೆಟ್ಟಿಸಿದ ದಿನವನ್ನು, ಅಲ್ಲಿ ಹೋರಾಡಿದ ತಮ್ಮದೇ ಪೂರ್ವಜನನ್ನು ನೆನೆದು ಹಾಡಿದ್ದಾರೆ. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಮಡಿದ ಹಲಗಲಿಯ ಬೇಡರನ್ನು ನಮ್ಮ ಲಾವಣಿಕಾರರು ಹಾಡಿ ಉಳಿಸಿಕೊಂಡ ನಾಡಿನವರಿಗೆ ಈ ಹಂಬಲ ಹೊಸದಲ್ಲ.

ಬೆಂಗಳೂರಿಗೂ ಈ ಪರಂಪರೆಗೂ ನೇರ ನಂಟಿದೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ಅರಮನೆ ಮೈದಾನದಲ್ಲಿ ನುಡಿಸಿತು. ಯುದ್ಧದ ಹಾಡುಗಳೇ ತುಂಬಿದ 'ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್' ಆಲ್ಬಮ್ಮಿನ ಪ್ರವಾಸ ಅದು. 1998ರಲ್ಲಿ ಇಲ್ಲೇ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಏರಿತು. ನುಡಿಸಬಲ್ಲವರು ನಮ್ಮಲ್ಲಿದ್ದಾರೆ, ವಸ್ತುವೂ ಇದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ನಗರದಲ್ಲಿ ಮಶೀನ್‌ಗನ್ನು, ಫಿರಂಗಿಗಳ ಎದುರು ಜೋಧಪುರದ ಸವಾರರ ಜೊತೆ ಭರ್ಜಿ ಹಿಡಿದು ನುಗ್ಗಿದ್ದು ಮೈಸೂರು ಲ್ಯಾನ್ಸರ್ಸ್ ದಳ. ಅವರ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಫ್ರಾನ್ಸಿನ ಕಂದಕಗಳಿಂದ ಭಾರತೀಯ ಸಿಪಾಯಿಗಳು ಊರಿಗೆ ಬರೆದ ಕಾಗದಗಳ ಸಾಲುಗಳು, ಬ್ರಿಟಿಷ್ ಸೆನ್ಸಾರ್ ಅಧಿಕಾರಿಗಳು ಮಾಡಿಟ್ಟ ಅನುವಾದಗಳಲ್ಲಿ ಲಂಡನ್ನಿನಲ್ಲಿ ಉಳಿದಿವೆ. ಬೆಂಗಳೂರಿನ ಯುವ ತಂಡಗಳು ಆ ಸ್ಮಾರಕದ ಮುಂದೆ ಒಮ್ಮೆ ನಿಂತು, ಆ ಕಾಗದಗಳನ್ನು ಓದಿ, ಕನ್ನಡದಲ್ಲಿ ಒಂದು ಆಲ್ಬಮ್ ಮಾಡಲಿ. ಅದರಲ್ಲಿ ಮಹಾರಾಜರೂ ಜನರಲ್‌ಗಳೂ ಹಿಂದೆ ನಿಲ್ಲಲಿ, ಕುದುರೆಯ ಮೇಲಿದ್ದವನು ಮಾತಾಡಲಿ.