ಟಾಟಾ ಸಿಲ್ಕ್ ಫಾರ್ಮು, ಅಜ್ಜಿಯ ಕೊಡೆ ಬಟ್ಟೆ

ಮೊನ್ನೆ ಬನಶಂಕರಿಯಿಂದ ಮಾರ್ಕೆಟ್ಟಿಗೆ ಹೋಗ್ತಾ ಬಸ್ಸಲ್ಲಿ ಪಕ್ಕದ್ಮನೆ ಅಕ್ಕ ಕೇಳಿದ್ರು, "ಈ ಸ್ಟಾಪಿಗೆ ಯಾಕಮ್ಮ ಟಾಟಾ ಸಿಲ್ಕ್ ಫಾರ್ಮ್ ಅಂತಾರೆ? ಇಲ್ಲೆಲ್ಲಿ ಐತೆ ಫಾರ್ಮು?" ಬಸ್ಸಲ್ಲಿ ಅರ್ಧ ಹೇಳಿದೆ. ಮಿಕ್ಕಿದ್ದು ಇಲ್ಲಿ ಬರೀತೀನಿ. ಅದ್ರಲ್ಲಿ ನಾನು ಮನೇಲಿ ಯಾರಿಗೂ ಹೇಳದೇ ಇದ್ದದ್ದೂ ಒಂದೈತೆ.

ನಮ್ಮ ಸೀಮೆಗೆ ರೇಷ್ಮೆ ಹುಳ ತಂದಿದ್ದು ಟಿಪ್ಪು ಸುಲ್ತಾನ. 1780ರ ದಶಕದಲ್ಲಿ ಬಂಗಾಳಕ್ಕೆ ಆಳು ಕಳ್ಸಿ ತರಿಸಿದ್ದ. 1860ರ ದಶಕದ ಹೊತ್ತಿಗೆ ಹುಳಕ್ಕೆ ರೋಗ ಬಿದ್ದು ಮೈಸೂರು ಸೀಮೆಯೆಲ್ಲ ಕೈ ಸುಟ್ಕೊಂಡ್ತು. ಆಗ ಇಟಲಿಯ ದೆ ವೆಕ್ಕಿ ಅನ್ನೋರು ಜಪಾನಿನಿಂದ ಮೊಟ್ಟೆ ಕಾಗದ ತರಿಸಿ ನೋಡಿದ್ರು. ಆಮೇಲೆ ಬಂದೋರು ಜಮ್‌ಷೆಟ್‌ಜಿ ಟಾಟಾ. 1893ರಲ್ಲಿ ಜಪಾನಿಗೆ ಹೋಗಿ ಬಂದಿದ್ರು. ಮೈಸೂರು ಸರ್ಕಾರ ಜಾಗ ಕೊಡ್ತು, ಜಪಾನಿನಿಂದಲೇ ತಿಳಿದವರನ್ನ ಕರೆಸಿದ್ರು, ಬಸವನಗುಡಿ ಯಡಿಯೂರು ಕಡೆ ಹಿಪ್ಪುನೇರಳೆ ತೋಟ ಎದ್ದಿತು. 1910ರ ಹೊತ್ತಿಗೆ ಅದು ಸಾಲ್ವೇಷನ್ ಆರ್ಮಿಯವರ ಕೈಗೆ ಹೋಯ್ತು. ಈಗ ಬಸ್ ಸ್ಟಾಪು ಮಾತ್ರ ಉಳ್ಕೊಂಡೈತೆ.

ಇಷ್ಟೂ ಪುಸ್ತಕದಲ್ಲಿ ಸಿಗ್ತದೆ. ಆದ್ರೆ ಒಳ್ಳೆ ಮೊಟ್ಟೆ ತಂದ್ರೆ ಸಾಲ್ದು ಕಣ್ರಕ್ಕ, ಅದನ್ನ ಒಡೆಸೋದು ಬೇರೆ ವಿದ್ಯೆ. ಕನಕಪುರ ಕಡೆ ನಮ್ಮಜ್ಜಿ ಮನೇಲಿ ಅದು ಒಳಕೋಣೆ ಹೆಂಗಸರ ಕೆಲ್ಸ. ಬಿತ್ತನೆ ಕೋಠಿಯಿಂದ ಮೊಟ್ಟೆ ಅಂಟಿದ ಕಾಗದ ಬರೋದು. ಹುಳ ಮೇಯಿಸೋರ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟದ್ದು ಪೂರ್ತಿ, ನಾನೂರು ಐನೂರು ಕಾಳು. ಸುಮಾರು 25 ಡಿಗ್ರಿ ಶಾಖ, ತೇವ ಇರೋ ಗಾಳಿ ಇದ್ರೆ ಹತ್ತು ದಿನಕ್ಕೆ ಒಡೀತವೆ. ಎಂಟನೇ ದಿನದ ಹೊತ್ತಿಗೆ ಕಾಳಿನ ಒಳಗೆ ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ ಕಾಣ್ತದೆ, ಅದು ಹುಳದ ತಲೆ. ಮಾರನೇ ದಿನ ಕಾಳೆಲ್ಲ ನೀಲಿಗೆ ತಿರುಗ್ತದೆ. ಚುಕ್ಕೆ ಕಂಡ ಮೇಲೆ ಬೆಳಕು ತೋರಿಸಬಾರದು. ಕರೀ ಕಾಗದದಲ್ಲಿ ಸುತ್ತಿ ಡಬ್ಬದಲ್ಲಿ ಇಡಿ ಅಂತ ಇಲಾಖೆಯೋರು ಹೇಳ್ತಿದ್ರು. ಅಜ್ಜಿ ತಗಡಿನ ಡಬ್ಬಕ್ಕೆ ಹಳೇ ಕೊಡೆ ಬಟ್ಟೆ ಹೊದಿಸೋರು. ಕತ್ತಲೇಲಿ ಮುಂದೆ ಹೋದ ಹುಳ ಒಡೆಯದೇ ತಡೀತದೆ, ಹಿಂದೆ ಬಿದ್ದದ್ದು ಬಂದು ಸೇರ್ಕೊಳ್ತದೆ. ಒಡೆಯೋ ದಿನ ಬೆಳಗ್ಗೆ ಬಟ್ಟೆ ತೆಗೆದು ಬೆಳಕಿಗೆ ಇಟ್ರೆ ಎರಡು ಗಂಟೇಲಿ ಇರುವೆ ಹಂಗೆ ಕಪ್ಪಗೆ ಎಲ್ಲಾ ಒಟ್ಟಿಗೆ ಹೊರಗೆ.

ನಂಗಾಗ ಒಂಬತ್ತು ವರ್ಷ. ಅಜ್ಜಿ ಸೊಪ್ಪಿಗೆ ಹೋಗಿದ್ರು. ಒಳಗೆ ಏನೈತೆ ನೋಡೋಣ ಅಂತ ಬಟ್ಟೆ ಎತ್ತಿ ಕಾಗದನ ಕಿಟಕಿ ಹತ್ರ ಹಿಡ್ಕೊಂಡು ಕೂತೆ, ಎಷ್ಟೊತ್ತೋ. ಅವತ್ತೇ ಒಂದಷ್ಟು ಒಡೆದ್ವು. ಮಿಕ್ಕಿದ್ದು ಮಾರನೇ ದಿನ, ಇನ್ನಷ್ಟು ಅದರ ಮಾರನೇ ದಿನ.

ಒಂದೆರಡು ದಿನ ಹೆಚ್ಚುಕಮ್ಮಿ ಆದ್ರೆ ಏನಂತೆ ಅನ್ನಬೇಡಿ. ಹುಳ ಪೊರೆ ಬಿಡೋಕೆ ಮುಂಚೆ ತಿನ್ನದೆ ಮಲಗ್ತದೆ, ಅದಕ್ಕೆ ಜ್ವರ ಅಂತೀವಿ. ಒಂದೇ ತಟ್ಟೇಲಿ ಅರ್ಧ ಜ್ವರಕ್ಕೆ ಮಲಗಿ ಅರ್ಧ ತಿಂತಾ ಇದ್ರೆ, ಸೊಪ್ಪು ಹಾಕಿದ್ರೆ ಮಲಗಿದ್ದು ಸೊಪ್ಪಿನ ಅಡಿ ಹೂತೋಗ್ತದೆ, ಹಾಕದಿದ್ರೆ ಎದ್ದಿರೋದು ಹಸೀತದೆ. ನಾಲ್ಕು ಜ್ವರಕ್ಕೂ ಇದೇ ಪಾಡು. ಸಣ್ಣದು ಸಣ್ಣದಾಗೇ ಉಳೀತದೆ. ಕೊನೆಗೆ ಒಂದು ಕಡೆ ಹಣ್ಣಾದ ಹುಳ ಚಂದ್ರಿಕೆಗೆ ಹತ್ತೋಕೆ ಬಾಯಿ ಬಿಡ್ತಿದ್ರೆ ಇನ್ನೊಂದು ಕಡೆ ಸೊಪ್ಪು ಸೊಪ್ಪು ಅಂತಾವೆ. ಅಜ್ಜಿ ದೊಡ್ಡದು ಚಿಕ್ಕದು ಆರಿಸಿ ಬೇರೆ ಬೇರೆ ತಟ್ಟೆಗೆ ಮಾಡಿದ್ರು, ರಾತ್ರಿ ನಿದ್ದೆಗೆಟ್ರು. ಗೂಡು ಅರ್ಧಕ್ಕರ್ಧ ಬಂತು. ಅಡ ಇಟ್ಟಿದ್ದ ಓಲೆ ಬಿಡಿಸ್ಕೊಳ್ಳೋಕೆ ಆ ಬೆಳೇನೇ ನೆಚ್ಕೊಂಡಿದ್ರು. ಓಲೆ ಇನ್ನೊಂದು ಬೆಳೆವರೆಗೂ ಅಲ್ಲೇ ಉಳೀತು. ಮೊಟ್ಟೆ ಕೆಟ್ಟದ್ದು ಬಂದಿತ್ತು ಅಂತ ಮಾವ ಕೋಠಿಯೋರನ್ನ ಬೈಕೊಂಡು ಓಡಾಡಿದ್ರು. ಅಜ್ಜಿಗೆ ಗೊತ್ತಿತ್ತೋ ಏನೋ, ಏನೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ.

ಬೆಳಕು ಮೊಟ್ಟೆಗೆ ಇಷ್ಟೇ ಮಾಡ್ತದೆ ಅನ್ಕೊಂಡಿದ್ದೆ. 1933ರಲ್ಲಿ ಜಪಾನಿನ ಕೊಗುರೆ ಅನ್ನೋರು ಬರೆದಿದ್ದು ಇದಕ್ಕಿಂತ ಸೋಜಿಗ. ದ್ವಿತಳಿ ಹುಳದ ಮೊಟ್ಟೆನ ಶಾಖ, ಬೆಳಕಲ್ಲಿ ಕಾವು ಕೊಟ್ರೆ, ಅದು ಬೆಳೆದು ಚಿಟ್ಟೆಯಾಗಿ ಇಡೋ ಮೊಟ್ಟೆ ತಿಂಗಳುಗಟ್ಟಲೆ ನಿದ್ದೆಗೆ ಹೋಗ್ತವೆ. 15 ಡಿಗ್ರಿ ತಂಪಲ್ಲಿ, ಕತ್ತಲಲ್ಲಿ ಇಟ್ರೆ ನಿದ್ದೆ ಇಲ್ದೆ ಒಡೀತವೆ. ಅಂದ್ರೆ ತಾಯಿ ಮೊಟ್ಟೆಯೊಳಗೆ ಇದ್ದಾಗ ಕಂಡ ಬೆಳಕಿನ ಲೆಕ್ಕ ಮಕ್ಕಳ ಕಾಲಕ್ಕೆ ತೀರ್ತದೆ.

ಕೋಳಿದು ಬೇರೆ ಕಥೆ. ಕಾವಿಗೆ ಕೂತ ಕೋಳಿ ಮೇವಿಗೆ ಎದ್ದಾಗ ಮೊಟ್ಟೆ ಮೇಲೆ ಒಂದಿಷ್ಟು ಬೆಳಕು ಬೀಳ್ತದಲ್ಲ, ಅದು ಬೇಕಂತೆ. ಕೊನೇ ದಿನಗಳಲ್ಲಿ ಮರಿಯ ಎಡಗಣ್ಣು ಮೈಗೆ ಒತ್ತಿಕೊಂಡಿರ್ತದೆ, ಬಲಗಣ್ಣು ಚಿಪ್ಪಿನ ಕಡೆಗೆ. ಆ ಬೆಳಕು ಕಂಡ ಮರಿ ಕಲ್ಲಲ್ಲಿ ಕಾಳು ಆರಿಸ್ತಾನೇ ಮೇಲೆ ಹದ್ದು ಬಂತಾ ಅಂತಾನೂ ನೋಡ್ಕೊಳ್ತದೆ. ಪೂರ್ತಿ ಕತ್ತಲೇಲಿ ಕಾವು ಕೊಟ್ಟ ಮರಿ ಎರಡನ್ನೂ ಒಟ್ಟಿಗೆ ಮಾಡೋಕೆ ತಡವರಿಸ್ತದೆ. ಆಸ್ಟ್ರೇಲಿಯಾದ ಲೆಸ್ಲಿ ರಾಜರ್ಸ್ ಅನ್ನೋ ಹೆಂಗಸು ಜೊತೆಯವರ ಜೊತೆ ಸೇರಿ ತೋರಿಸಿದ್ದು. ಅಜ್ಜಿ ಕಾವಿನ ಕೋಳಿ ಮೇಲೆ ಮಂಕರಿ ಕವುಚಿದ್ರೂ ದಿನಕ್ಕೊಂದ್ಸಲ ತೆಗೀತಿದ್ರು, ಮೇವಿಗೆ ಅಂತ.

1948ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಆಯ್ತು. ಬಿಟಿಎಂ ಹತ್ರ ಗಂಟೆಗಟ್ಟಲೆ ನಿಲ್ತೀವಲ್ಲ ಸಿಲ್ಕ್ ಬೋರ್ಡ್ ಸಿಗ್ನಲ್ಲು, ಅದೇ ಮಂಡಳಿ ಹೆಸ್ರು. 1991ರಿಂದ ಜಪಾನಿನವರು ಮತ್ತೆ ಬಂದು ಮೈಸೂರಿನ ಸಂಶೋಧನಾ ಸಂಸ್ಥೆಯೋರ ಜೊತೆ ದ್ವಿತಳಿ ಮೇಲೆ ಕೆಲ್ಸ ಮಾಡಿದ್ರು. ಈಗ ಊರಲ್ಲಿ ಮೊಟ್ಟೆ ತರೋರು ಕಮ್ಮಿ. ಚಾಕಿ ಕೇಂದ್ರದಲ್ಲೇ ಒಡೆಸಿ, ಎರಡು ಜ್ವರ ದಾಟಿಸಿ ಹುಳಾನೇ ಕೊಡ್ತಾರೆ. ಮಾವನ ಮನೇಲೂ ಹಂಗೇ. ಆ ತಗಡಿನ ಡಬ್ಬ ಅಟ್ಟದ ಮೇಲೈತೆ, ಅತ್ತೆ ಅದ್ರಲ್ಲಿ ಹುಣಸೆಹಣ್ಣು ತುಂಬಿಟ್ಟವ್ರೆ.