ಮೊದಲ ಉಸಿರಿನ ಪಾಠ

ಹುಟ್ಟಿದ ಕೂಸು ಅಳಲೇ ಇಲ್ಲ, ಆಸ್ಪತ್ರೆ ದೂರ. ಆಗೇನು ಮಾಡೋದು? ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿಗಳ 'ಸರ್ಚ್' ಸಂಸ್ಥೆ 1995ರಲ್ಲಿ ಇದಕ್ಕೊಂದು ದಾರಿ ಹುಡುಕಿತು. 39 ಹಳ್ಳಿಗಳಲ್ಲಿ, ಐದರಿಂದ ಹತ್ತನೇ ಕ್ಲಾಸಿನವರೆಗೆ ಓದಿದ ಅಲ್ಲಿನ ಹೆಂಗಸರಿಗೇ ತರಬೇತಿ ಕೊಟ್ಟರು. ಕೂಸನ್ನು ಒರೆಸಿ, ಬೆಚ್ಚಗಿಟ್ಟು, ಆಗಲೂ ಉಸಿರಾಡದಿದ್ದರೆ ಮಾಸ್ಕ್ ಇಟ್ಟು ಗಾಳಿ ಕೊಡಬೇಕು. ಮೊದಲು ಕೊಳವೆಯಲ್ಲಿ ಊದುತ್ತಿದ್ದರು, 1999ರಿಂದ ಕೈಯಲ್ಲಿ ಒತ್ತುವ ಚೀಲ ಬಂತು.

ಸೋಂಕಿಗೆ ಇಂಜೆಕ್ಷನ್ ಕೊಡೋದನ್ನೂ ಇವರೇ ಕಲಿತರು. ಮೂರನೇ ವರ್ಷಕ್ಕೆ, ಈ ಆರೈಕೆ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿದಿತ್ತು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಬಾಣಂತಿ-ಕೂಸಿನ ಮನೆಭೇಟಿ ದೇಶದ ಕಾರ್ಯಕ್ರಮವೇ ಆಯಿತು.

ಡಿಗ್ರಿ ಇಲ್ಲದ ಕೈಗಳಿಗೆ ಇದನ್ನೆಲ್ಲ ಕೊಡಬಹುದೇ ಅನ್ನುವವರಿಗೆ ಉತ್ತರ ಬೇರೆ ಬೇಕೇ?