ಮೂರನೇ ಕಾಲಂ, ಒಂಬತ್ತನೇ ಕಾಲಂ

ಡಿಸ್ಕ್ ಸತ್ತರೆ ಗೊತ್ತಾಗುತ್ತೆ. ಡಿಸ್ಕ್ ಬದುಕಿದ್ದು ಒಳಗಿನ ಕಡತ ಕೆಟ್ಟರೆ ಗೊತ್ತೇ ಆಗಲ್ಲ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮೂವರೂ 'ರೇಡ್' ಪದ್ಧತಿ ವಿವರಿಸಿದಾಗ ಅವರ ಚಿಂತೆ ಡಿಸ್ಕ್ ಸಾಯೋದರದ್ದು. ಎರಡು ಪ್ರತಿ ಇಟ್ಟು, ಎರಡೂ ಬೇರೆ ಬೇರೆ ಹೇಳಿದರೆ? ಯಾವುದೋ ಒಂದು ಸುಳ್ಳು ಅನ್ನೋದಷ್ಟೇ ಗೊತ್ತಾಗುತ್ತೆ. 2007ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯ ತನ್ನ ಸರ್ವರುಗಳನ್ನೇ ತಪಾಸಣೆ ಮಾಡಿದಾಗ, ಒಂದು ಎಚ್ಚರಿಕೆಯೂ ಇಲ್ಲದೆ ಕೆಟ್ಟುಕೂತಿದ್ದ ಕಡತಗಳು ಸಿಕ್ಕವು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಪಹಣಿ ನೋಡಿದವರು.

'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರ ವಿವರ ಕಂಪ್ಯೂಟರಿಗೆ ಏರಿತು. ಆಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ಒಳ್ಳೆಯದೇ ಆಯಿತು, 15 ರೂಪಾಯಿಗೆ ಪಹಣಿ ಸಿಕ್ಕಿತು, ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯೋದು ತಪ್ಪಿತು. ಆದರೆ ಪುಸ್ತಕದಲ್ಲಿದ್ದ ತಪ್ಪೂ ಒಳಗೆ ಹೋಯಿತು. ಬೆರಳಚ್ಚಿನ ತಪ್ಪು ಅದರ ಮೇಲೆ. ಎಕರೆಗೆ 40 ಗುಂಟೆ. 1-20 ಅಂದರೆ ಒಂದೂವರೆ ಎಕರೆ, 60 ಗುಂಟೆ. ಅದನ್ನೇ ದಶಾಂಶ ಅಂತ ಓದಿದರೆ 48 ಗುಂಟೆ. ಹನ್ನೆರಡು ಗುಂಟೆ ಹೋಯಿತು, ಬೇಲಿ ಮಾತ್ರ ಇದ್ದಲ್ಲೇ ಇದೆ! ಇಂಥ ಪಹಣಿಗೆ ಎಷ್ಟು ಬ್ಯಾಕಪ್ ತೆಗೆದರೂ ಅಷ್ಟೂ ಕಡೆ ಅದೇ 48.

ತಾಳೆ ನೋಡುವ ದಾರಿ ಪಹಣಿಯಲ್ಲೇ ಉಂಟು. ಮೂರನೇ ಕಾಲಂ ಸರ್ವೆ ನಂಬರಿನ ವಿಸ್ತೀರ್ಣ, ಒಂಬತ್ತನೆಯದು ಮಾಲೀಕರ ಹೆಸರು, ಪಾಲು. ಪಾಲುಗಳ ಮೊತ್ತ ಮೂರಕ್ಕೆ ಸರಿಹೋಗಬೇಕು. ಹೋಗದಿದ್ದರೆ ಮಾರಾಟ, ಖಾತೆ ಬದಲಾವಣೆ ಎಲ್ಲಕ್ಕೂ ತೊಡಕು. ಇನ್ನೊಂದು ಸಾಕ್ಷಿ ಭೂಮಾಪನ ಇಲಾಖೆಯ ಆಕಾರಬಂದ್. ಬೇರೆ ಇಲಾಖೆ, ಬೇರೆ ಕೈ ಬರೆದದ್ದು. ನನ್ನ ಮಟ್ಟಿಗೆ ಇದು ಯಾವ ಬ್ಯಾಕಪ್ಪಿಗಿಂತ ದೊಡ್ಡದು, ಒಬ್ಬರ ತಪ್ಪು ಇನ್ನೊಬ್ಬರಿಗೆ ತಾನಾಗಿ ಅಂಟಲ್ಲ.

ನಮ್ಮ ಕಡೆ ಗಂಟು ಇನ್ನೂ ಬಿಗಿ. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಜನಕ್ಕೆ ದರ್ಖಾಸ್ತು ಮಂಜೂರು, ಪೋಡಿ ಆಗಿಲ್ಲ, ಪಿ ನಂಬರ್ ಹಾಗೇ ಇದೆ. ಅಲ್ಲಿ ಕಾಲಂಗಳ ಜಗಳ ಬಿಡಿಸೋಕೆ ಮೂರನೆಯವರು ಬೇಕು. ಮಂಜೂರಾತಿ ಕಡತ, ಸಾಗುವಳಿ ಚೀಟಿ, ಮ್ಯುಟೇಶನ್ ರಿಜಿಸ್ಟರು.

ಈಗ 'ಭೂ ಸುರಕ್ಷಾ' ಹೆಸರಲ್ಲಿ ತಾಲೂಕು ಕಚೇರಿಗಳ ದಾಖಲೆ ಕೊಠಡಿಯ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡ್ತಿದಾರೆ. ಟೈಪ್ ಮಾಡ್ತಿಲ್ಲ, ಪುಟದ ಚಿತ್ರ ತೆಗೀತಿದಾರೆ, ತಿದ್ದಿದ ಗೀಟು, ಪಕ್ಕದ ಷರಾ ಸಮೇತ. ಅರ್ಜಿ ಕೊಟ್ಟವರಿಗೆ 'ಕಡತ ಲಭ್ಯವಿಲ್ಲ' ಅಂತ ಹಿಂಬರಹ ಬರೋ ಮೊದಲು ಆ ಪುಟ ಕ್ಯಾಮರಾ ಕೆಳಗೆ ಬಂದಿರಬೇಕು, ಅಷ್ಟೇ.